ಪಂಪಿನ ಕವಚಕ್ಕೊಂದು ಕಂಪ್ಯೂಟರ್

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಸಾಂಗಲಿಯ ವಿಶ್ರಾಮಬಾಗದ ಕಂಪ್ಯೂಟರ್ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ವೃಷಾಲಿ ಒಂದೇ ಫೈಲನ್ನು ಎರಡು ಕಂಪ್ಯೂಟರುಗಳಿಗೆ ಹಾಕಿದಳು.

ಫೈಲು ಪಂಪಿನ ಕವಚದ್ದು. ಮ್ಹೈಸಾಳ ಬದಿಯ ಕಬ್ಬಿನ ರೈತರ ಸಂಘವೊಂದು ಕೃಷ್ಣೆಯಿಂದ ನೀರೆತ್ತುವ ತನ್ನ ಹಳೆಯ ಪಂಪುಗಳಿಗೆ ಹೊಸ ಕವಚ ಕೇಳಿತ್ತು. ಮೂಲ ನಕಾಶೆ ಯಾರ ಬಳಿಯೂ ಇರಲಿಲ್ಲ. ಒಡೆದ ಕವಚವನ್ನು ಅಳೆದು, ಮಿರಜದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಪಾರ್ಶ್ವನಾಥ ಕಾಕಾರ ಎರಕದ ಫೌಂಡ್ರಿಯಲ್ಲಿ ಕುಳಿತು ಅದನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಕಟ್ಟಿದವಳು ವೃಷಾಲಿ. ಅಲ್ಲಿಯ ಹಳೆಯ ಕಂಪ್ಯೂಟರಿಗೆ ಆ ಫೈಲಿನ ಭಾರ ತಡೆಯಲಾಗುತ್ತಿರಲಿಲ್ಲ. ಗೋಡೆಯ ದಪ್ಪ ಎರಡು ಮಿಲಿಮೀಟರ್ ಹೆಚ್ಚಿಸಿದರೆ ಇಡೀ ಕವಚ ಮತ್ತೆ ಲೆಕ್ಕ ಹಾಕಿಕೊಂಡು ತೆರೆಯ ಮೇಲೆ ನಿಲ್ಲಲು ಹನ್ನೊಂದು ನಿಮಿಷ ಬೇಕಿತ್ತು. ಎಷ್ಟೋ ಸಲ ನಿಲ್ಲುವ ಮೊದಲೇ ಎಲ್ಲವೂ ಬಂದ್ ಬೀಳುತ್ತಿತ್ತು.

ಕಾಕಾ ಸೋಮವಾರವೇ ಖಡಾಖಂಡಿತ ಹೇಳಿದ್ದರು: "ಶನಿವಾರ ತನಕಾ ನೋಡತೇನಿ. ಛಲೋ ಮಶೀನ್ ಸಿಕ್ಕರ ಡಿಸೈನ್ ನಮ್ಮಲ್ಲೇ ಆಗಲಿ. ಇಲ್ಲಂದ್ರ ಪುಣೆದವ್ರಿಗೆ ಕೊಟ್ಟು ಬಿಡೂನು. ನೀ ಮೊದಲಿನಂಗ ಅವರ ನಕಾಶಿ ತಪಾಸ್ ಮಾಡಕೋತ ಇರು."

ಆರು ವರ್ಷ ವೃಷಾಲಿ ಮಾಡಿದ್ದು ಅದನ್ನೇ. ನಕಾಶೆಯ ಕೆಳಗಿನ 'ತಪಾಸಣೆ' ಎಂಬ ಚೌಕದಲ್ಲಿ ಅವಳ ಸಹಿ ನೂರಾರು ಕಡೆ ಇತ್ತು. 'ಡಿಸೈನ್' ಎಂಬ ಚೌಕದಲ್ಲಿ ಒಂದು ಕಡೆಯೂ ಇರಲಿಲ್ಲ. ಆ ಕೆಲಸಕ್ಕೆ ಮರಳುವ ಮನಸ್ಸು ಅವಳಿಗಿರಲಿಲ್ಲ. ಇಂದು ಶನಿವಾರ.

ಎರಡು ಕಂಪ್ಯೂಟರುಗಳಲ್ಲಿ ದೊಡ್ಡದು ಏನೇನು ಬೇಕೆಂದು ಅವಳೇ ಬರೆದುಕೊಟ್ಟ ಯಾದಿಯ ಪ್ರಕಾರ ಬಂದದ್ದು. ಸಣ್ಣ ತಿಜೋರಿಯಷ್ಟಿತ್ತು. ಒಳಗೆ ಎರಡು ಪ್ರೊಸೆಸರ್, ಇಪ್ಪತ್ತೆಂಟು ಕೋರು. ಒಂದೊಂದು ಕೋರೂ ಒಬ್ಬೊಬ್ಬ ಕೆಲಸಗಾರ ಇದ್ದಂತೆ. ಆಳು ಹೆಚ್ಚಾದರೆ ಕೆಲಸ ಬೇಗ ಎಂದುಕೊಂಡು ಅವಳು ಬರೆದಿದ್ದಳು. ಅಂಗಡಿಯ ಮಾಲೀಕ ತುಷಾರ ಅದನ್ನು ಪುಣೆಯಿಂದ ತರಿಸಿದ್ದ. ಪಕ್ಕದಲ್ಲಿದ್ದದ್ದು ಅವನೇ ಜೋಡಿಸಿದ ಸಾದಾ ಕಪ್ಪು ಪೆಟ್ಟಿಗೆ. ಅದರಲ್ಲಿ ಎಂಟೇ ಕೋರು, ಆದರೆ ಒಂದೊಂದರ ವೇಗವೂ ದೊಡ್ಡದರ ಎರಡು ಪಟ್ಟು. ಮೆಮರಿ ಎರಡರಲ್ಲೂ ಅರವತ್ತನಾಲ್ಕು ಜಿಬಿ ಇರಲಿ ಎಂದು ವೃಷಾಲಿ ಮೊದಲೇ ಹೇಳಿ ಹಾಕಿಸಿದ್ದಳು. ಹಳೆಯ ಕಂಪ್ಯೂಟರು ಬಂದ್ ಬೀಳುತ್ತಿದ್ದದ್ದು ಮೆಮರಿ ತುಂಬಿ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

"ಏವಡೀ ಪರೀಕ್ಷಾ ಕಶಾಲಾ, ಮ್ಯಾಡಮ್?" ಎಂದು ಮರಾಠಿಯಲ್ಲಿ ಶುರುಮಾಡಿದ ತುಷಾರ, ಅವಳ ಜೊತೆ ಬಂದಿದ್ದ ಕಾಕಾರ ಮುಖ ನೋಡಿ ಕನ್ನಡಕ್ಕೆ ಬಂದ. "ಇಷ್ಟೆಲ್ಲಾ ಯಾಕರಿ? ಮಂದಿ ಬರತಾರ, ಲೈಟ್ ನೋಡತಾರ, ಒಯ್ತಾರ."

"ಸ್ಯಾಂಪಲ್ ಕೊಯ್ದು ನೋಡದನ ನಮ್ಮ ಕಾಕಾ ಒಂದ ಪ್ಯಾಟರ್ನೂ ಪಾಸ್ ಮಾಡಂಗಿಲ್ರಿ," ಎಂದಳು ವೃಷಾಲಿ. "ನಾ ಹೆಂಗ ಮಾಡ್ಲಿ?"

ಕುರ್ಚಿಯಲ್ಲಿದ್ದ ಕಾಕಾ ಮೀಸೆಯಲ್ಲೇ ನಕ್ಕರು. ಫೌಂಡ್ರಿಯಲ್ಲಿ ಅದು ಅವರ ಕಟ್ಟುನಿಟ್ಟು: ಮೊದಲ ಎರಕವನ್ನು ಗರಗಸದಿಂದ ಎರಡು ಹೋಳು ಮಾಡಬೇಕು, ಒಳಗೆ ಗಾಳಿಗುಳ್ಳೆ ಕಂಡರೆ ಅದು ಮತ್ತೆ ಕುಲುಮೆಗೆ. ಅವರ ಇನ್ನೊಂದು ಕಟ್ಟುನಿಟ್ಟು ಊಟದ್ದು. ಸೂರ್ಯ ಮುಳುಗುವ ಮೊದಲು ಉಣ್ಣಬೇಕು. ಮುಳುಗಿದರೆ ಮರುದಿನದವರೆಗೆ ಬಾಯಿಗೆ ಏನೂ ಹಾಕುವವರಲ್ಲ. ಡಿಸೆಂಬರಿನ ಸೂರ್ಯ ಆರರ ಸುಮಾರಿಗೆ ಮುಳುಗುತ್ತಾನೆ. ಮಿರಜದ ಮನೆಗೆ ಅರ್ಧ ಗಂಟೆಯ ದಾರಿ.

"ಐದೂ ಕಾಲಕ್ಕ ನಾ ಏಳಾಂವ," ಎಂದರು ಕಾಕಾ.

ವೃಷಾಲಿ ಎರಡರಲ್ಲೂ ಗೋಡೆಯ ದಪ್ಪ ಎರಡು ಮಿಲಿಮೀಟರ್ ಹೆಚ್ಚಿಸಿ ಫೋನಿನ ಗಡಿಯಾರ ಒತ್ತಿದಳು. ಕಪ್ಪು ಪೆಟ್ಟಿಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿಸಿತು. ದೊಡ್ಡದು ಏಳು ನಿಮಿಷ ಹತ್ತು ಸೆಕೆಂಡ್ ತೆಗೆದುಕೊಂಡಿತು. ಮತ್ತೆ ಹಾಕಿದಳು. ಮೂರನೇ ಸಲವೂ ಹಾಕಿದಳು. ಒಂದೆರಡು ಸೆಕೆಂಡಿನ ಫರಕು ಬಿಟ್ಟರೆ ಅದೇ ಉತ್ತರ.

ಮೂರನೇ ಸಲದ ಲೆಕ್ಕ ನಡೆದಿದ್ದಾಗ ದೊಡ್ಡದರ ತೆರೆಯ ಮೇಲೆ ಕೋರಿಗೊಂದರಂತೆ ಇಪ್ಪತ್ತೆಂಟು ಪುಟ್ಟ ಚೌಕಗಳಿದ್ದವು. ಒಂದು ಮಾತ್ರ ಅಂಚಿನವರೆಗೆ ತುಂಬಿತ್ತು.

ಕಾಕಾ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಒಬ್ಬಾಂವ ದುಡೀಲಿಕ್ಕತ್ಯಾನ. ಉಳದ ಇಪ್ಪತ್ತೇಳ ಮಂದಿ ಚಹಾಕ್ಕ ಹೋಗ್ಯಾರೇನ?"

ವೃಷಾಲಿಗೆ ತನ್ನ ತಪ್ಪು ಹೊಳೆಯಿತು. ಕವಚ ಕಟ್ಟುವುದು ಒಂದರ ಮೇಲೊಂದು ಮೆಟ್ಟಿಲಿನ ಕೆಲಸ. ಮೊದಲು ಗೋಡೆ, ಗೋಡೆಯ ಮೇಲೆ ಪೈಪು ಕೂಡುವ ಅಂಚಾದ ಫ್ಲೇಂಜು, ಫ್ಲೇಂಜಿನಲ್ಲಿ ತೂತು. ಹಿಂದಿನದು ಮುಗಿಯದೆ ಮುಂದಿನದಕ್ಕೆ ಕೈ ಹಾಕಲಾಗದು. ಅಲ್ಲಿ ಬೇಕಾದದ್ದು ಇಪ್ಪತ್ತೆಂಟು ಆಳಲ್ಲ, ಚುರುಕಾದ ಒಬ್ಬ ಆಳು. ಇದನ್ನು ಅವಳು ಯಾದಿ ಬರೆಯುವ ಮೊದಲು ಯೋಚಿಸಬೇಕಿತ್ತು.

"ಕಾಕಾ, ನಾ ಬರದ ಯಾದಿ ತಪ್ಪೈತ್ರಿ," ಎಂದಳು.

"ಅರೇ! ನಾ ಪುಣೆಯಿಂದ ತರಿಸೇನಿ!" ಎಂದ ತುಷಾರ.

ಕಾಕಾ ಕನ್ನಡಕ ತೆಗೆದು ಜೇಬಿಗಿಟ್ಟರು. "ನಿನಗ ಗೊತ್ತಿಲ್ಲಂದ್ರ ನಾ ಯಾರನ್ನ ಕೇಳ್ಲಿ? ಪುಣೆದವ್ರೇ ಬರೋಬರಿ ಅನಸ್ತೈತಿ."

"ಅರ್ಧಾ ಸ್ಯಾಂಪಲ್ ಕೊಯ್ದು ಯಾರರ ಎದ್ದು ಹೋಗತಾರೇನ್ರಿ? ಇನ್ನೊಂದು ಪರೀಕ್ಷಾ ಉಳದೈತಿ."

ಕರಗಿದ ಕಬ್ಬಿಣ ಅಚ್ಚಿನೊಳಗೆ ಹೇಗೆ ಹರಿದು ಹೇಗೆ ಆರುತ್ತದೆ ಎಂದು ಮೊದಲೇ ತೋರಿಸುವ ಲೆಕ್ಕ ಅದು. ಆ ಲೆಕ್ಕವನ್ನು ತುಂಡು ಮಾಡಿ ಎಲ್ಲ ಕೋರುಗಳಿಗೂ ಹಂಚಬಹುದು. ಆದರೆ ಅರ್ಧ ಗಂಟೆ ಹಿಡಿಯುತ್ತದೆ. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಇತ್ತು.

"ಆಗಂಗಿಲ್ಲ," ಎಂದು ಕಾಕಾ ಎದ್ದರು. "ನಿನ್ನ ಲೆಕ್ಕಕ್ಕ ಸೂರ್ಯ ನಿಲ್ಲಂಗಿಲ್ಲ."

ವೃಷಾಲಿ ಬ್ಯಾಗಿನಿಂದ ಮೂರು ಹಂತದ ಸ್ಟೀಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಕಾಕಾ ಡಬ್ಬಿಯನ್ನು ಗುರುತಿಸಿದರು. ಅದು ಅವರ ಹೆಂಡತಿಯ ಅಡುಗೆಮನೆಯದೇ.

"ಮುಂಜಾನೆ ರತ್ನಾಬಾಯಿ ಕಾಕುಗ ಫೋನ್ ಮಾಡಿದ್ನಿರಿ. ಭಾಕರಿ, ಹೆಸರಕಾಳ ಪಲ್ಯ, ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ. ಕುಂದ್ರಿ."

"ನಲವತ್ತ ವರ್ಷಾತು, ನಾ ಹೇಳಿದ್ದು ಆಕಿ ಒಮ್ಮೆನೂ ಕೇಳಿಲ್ಲ," ಎಂದರು ಕಾಕಾ. "ನಿನ್ನ ಒಂದು ಫೋನಿಗೆ ಡಬ್ಬಿ ಕಟ್ಯಾಳ." ಕುಳಿತರು. ತುಷಾರ ಕೀಬೋರ್ಡುಗಳನ್ನು ಸರಿಸಿ ಜಾಗ ಮಾಡಿದ. ಪಡುವಣ ಕಿಟಕಿಯ ಬಿಸಿಲು ಭಾಕರಿಯ ಮೇಲೆ ಬಿದ್ದಿತ್ತು.

ಈ ಸಲ ದೊಡ್ಡದು ಹತ್ತೊಂಬತ್ತು ನಿಮಿಷಕ್ಕೆ ಮುಗಿಸಿತು. ಕಪ್ಪು ಪೆಟ್ಟಿಗೆಗೆ ಮೂವತ್ತೊಂದು ನಿಮಿಷ ಬೇಕಾಯಿತು.

"ಬಘಾ! ನೋಡ್ರಿ!" ಎಂದ ತುಷಾರ. "ಪುಣೆದು ಪುಣೆದೇ."

"ಈಗೇನಂತಿ?" ಕಾಕಾ ಕೈ ತೊಳೆದು ಬಂದು ಕೇಳಿದರು. "ಒಂದರಾಗ ಇದು, ಇನ್ನೊಂದರಾಗ ಅದು."

ವೃಷಾಲಿ ವಹಿ ತೆರೆದಳು. ಹಳೆಯ ಕಂಪ್ಯೂಟರಿನ ಮುಂದೆ ಕಾಯುತ್ತ ಕೂತಾಗಲೆಲ್ಲ ಅವಳು ಅದರಲ್ಲಿ ಒಂದೊಂದು ಗೀಟು ಎಳೆದಿದ್ದಳು. ಹೋದ ತಿಂಗಳು ಕವಚ ಬದಲಿಸಿದ್ದು ನಾಲ್ಕುನೂರ ಹನ್ನೆರಡು ಸಲ. ಕಬ್ಬಿಣದ ಹರಿವಿನ ಲೆಕ್ಕ ಮಾಡಿದ್ದು ಒಂಬತ್ತು ಸಲ. ದೊಡ್ಡದರ ಬದಲು ಕಪ್ಪು ಪೆಟ್ಟಿಗೆಯಾದರೆ ಮೊದಲನೆಯ ಕೆಲಸದಲ್ಲಿ ತಿಂಗಳಿಗೆ ಇಪ್ಪತ್ತಾರು ಗಂಟೆ ಉಳಿಯುತ್ತದೆ. ಎರಡನೆಯದರಲ್ಲಿ ಎರಡು ಗಂಟೆಯೂ ಹೋಗುವುದಿಲ್ಲ.

ಕಾಕಾ ಗೀಟುಗಳ ಮೇಲೆ ಬೆರಳಾಡಿಸಿದರು. "ಹದಿನೇಳನೇ ತಾರೀಖಿಗೆ ಮೂವತ್ತ ಸಲಾನ? ಅವತ್ತೇನ ಮಾಡಾಕತ್ತಿದ್ದಿ?"

"ಅವತ್ತ ನೀವು ಫ್ಲೇಂಜಿನ ಮಾತು ಮೂರು ಸಲ ಬದಲಿ ಮಾಡಿದ್ರಿ."

ತುಷಾರ ನಕ್ಕ. ಕಾಕಾ ಗಂಟಲು ಸರಿಮಾಡಿಕೊಂಡರು. "ಸಣ್ಣದ್ದು ಕೊಡ," ಎಂದರು ಅವನಿಗೆ.

"ತಡೀರಿ," ಎಂದಳು ವೃಷಾಲಿ. "ಗ್ರಾಫಿಕ್ಸ್ ಕಾರ್ಡು ಸಾಫ್ಟ್‌ವೇರ್ ಕಂಪನಿ ಒಪ್ಪಿದ ಯಾದಿಯೊಳಗಿನದೇ ಇರಬೇಕ್ರಿ. ಮಿರಜಕ್ಕ ಬಂದ ಮ್ಯಾಲ ಇದೇ ಫೈಲು ಮತ್ತ ಹಾಕತೇನಿ. ಮೂರೂವರಿ ನಿಮಿಷ ದಾಟಿದ್ರ ವಾಪಸ್."

"ಒಪ್ಪಕೋ ತುಷಾರ," ಎಂದರು ಕಾಕಾ, ಡಬ್ಬಿಯ ಮುಚ್ಚಳ ಹಾಕುತ್ತ. "ಈಕಿ ನನಗೂ ಬಿಡಂಗಿಲ್ಲ."

ಬುಧವಾರ ಬೆಳಿಗ್ಗೆ ಕಂಪ್ಯೂಟರು ಮಿರಜಕ್ಕೆ ಬಂತು. ಫೈಲು ಮೂರು ನಿಮಿಷ ಹದಿನೆಂಟು ಸೆಕೆಂಡಿಗೆ ಮುಗಿಯಿತು. ಹತ್ತು ದಿನಗಳ ನಂತರ ಕವಚದ ನಕಾಶೆ ಹೊರಬಿತ್ತು. 'ಡಿಸೈನ್' ಚೌಕದಲ್ಲಿ ವೃಷಾಲಿಯ ಸಹಿ ಇತ್ತು. ಜನವರಿ ಹನ್ನೆರಡರಂದು ಮೊದಲ ಸ್ಯಾಂಪಲ್ ಕೊಯ್ದರು. ಫ್ಲೇಂಜಿನ ಬಳಿ ಒಂದು ಗಾಳಿಗುಳ್ಳೆ ಸಿಕ್ಕಿತು, ಕಾಕಾ ಅದನ್ನು ಕುಲುಮೆಗೆ ಹಾಕಿಸಿದರು. ಎರಡನೆಯದು ಪಾಸಾಯಿತು.