ಮನೆಯಲ್ಲಿ ನಾಲ್ವರು, ವಿಮೆಯಲ್ಲಿ ಮೂವರು

ಸಾತ್ವಿಕಾಳಿಗೆ ಆರೋಗ್ಯ ವಿಮೆ ಇರಲಿಲ್ಲ. ಪುತ್ತಿಗೆಯ ಆ ಮನೆಯಲ್ಲಿ ಅಪ್ಪನಿಗಿತ್ತು, ಅಮ್ಮನಿಗಿತ್ತು, ನೆಗಡಿಗೂ ಮಲಗದ ತಮ್ಮ ಶೋಧನ್‌ಗೂ ಇತ್ತು. ಹದಿಮೂರನೇ ವಯಸ್ಸಿನಿಂದ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವಳನ್ನು ಮಾತ್ರ ಬಿಟ್ಟಿದ್ದರು.

ಕಾರಣ ಕಮಲಾಕ್ಷ ಮಾವ. ಬಿ.ಸಿ.ರೋಡಿನ ಈ ದೂರದ ಸಂಬಂಧಿ ವಿಮೆ ಏಜೆಂಟ್. ಬೈಕಿನಲ್ಲಿ ಬೆಳ್ತಂಗಡಿಯವರೆಗೂ ಮನೆ ಮನೆ ಸುತ್ತುತ್ತಿದ್ದ. ಪಾಲಿಸಿ ಮಾಡಿಸಲು ಹೋದಲ್ಲೇ ಮದುವೆಗೆ ಗಂಡು ಹೆಣ್ಣು ಕೂಡಿಸುವ ವಿಚಾರವನ್ನೂ ತೆಗೆಯುತ್ತಿದ್ದ. ಅವನಿಗೆ ಕಾಯಿಲೆ ತಿಳಿಸಿದರೆ ವಿಮೆ ಸಿಗಬಹುದು, ಗಂಡು ಸಿಗಲಿಕ್ಕಿಲ್ಲ ಎಂಬುದು ಅಮ್ಮ ಶಶಿಪ್ರಭಾಳ ಲೆಕ್ಕ. "ಅವಳದ್ದು ಮದುವೆಯಾದ ಮೇಲೆ ಗಂಡನ ಮನೆಯವರು ಮಾಡಿಸ್ತಾರೆ" ಎಂದು ಪ್ರತಿ ವರ್ಷ ಮಾತು ತೇಲಿಸುತ್ತಿದ್ದಳು.

ಕಳೆದ ಸೆಮಿಸ್ಟರಿನಲ್ಲಿ ಸಾತ್ವಿಕಾಳಿಗೆ ಜ್ವರ ಬಂದು ವಾಂತಿ ಶುರುವಾಯಿತು. ಮಂಗಳೂರಿನ ಆಸ್ಪತ್ರೆಯ ಖರ್ಚಿಗೆ ಹೆದರಿ ಅಪ್ಪ ಒಂದು ದಿನ ನೋಡುವ ಎಂದ. ಮರುದಿನವೂ ನೋಡುವ ಎಂದ. ಕೊನೆಗೆ ಸಕ್ಕರೆ ವಿಪರೀತ ಏರಿ ಪ್ರಜ್ಞೆ ತಪ್ಪಿದವಳನ್ನು ಹೊತ್ತೊಯ್ದು ಐಸಿಯುಗೆ ಸೇರಿಸಿದರು. ಊರಿಗೆ ಟೈಫಾಯ್ಡ್ ಎಂದು ಹೇಳಿದರು. ಪರೀಕ್ಷೆ ತಪ್ಪಿತು.

ಮೂಡುಬಿದಿರೆಯ ಕಾಲೇಜಿನಲ್ಲಿ ಅವಳ ಬೆಂಚಿನ ಜ್ಯೋತ್ಸ್ನಾಳಿಗೂ ಇದೇ ಕಾಯಿಲೆ. ಜ್ಯೋತ್ಸ್ನಾಳ ತಾಯಿ ಬ್ಯಾಂಕಿನಲ್ಲಿದ್ದರು. ಬ್ಯಾಂಕಿನ ವಿಮೆ ಮಗಳಿಗೂ ಇತ್ತು. ಅಂಥದೇ ವಾಂತಿಯಾದಾಗ ಅವಳು ಸಂಜೆಯೊಳಗೆ ಆಸ್ಪತ್ರೆಯಲ್ಲಿದ್ದಳು, ವಾರದೊಳಗೆ ಕ್ಯಾಂಟೀನಿನಲ್ಲಿ. ಅಲ್ಲೇ ಎಲ್ಲರೆದುರು ಹೊಟ್ಟೆಗೆ ಇನ್ಸುಲಿನ್ ಪೆನ್ನು ಒತ್ತುವಳು. ಸಾತ್ವಿಕಾ ಸಿರಿಂಜು ಹಿಡಿದು ಟಾಯ್ಲೆಟ್ಟಿಗೆ ಹೋಗುವುದನ್ನು ನೋಡಿ ನಗುವಳು.

"ಎಂತ ಮಾರಾಯ್ತಿ, ಕದ್ದು ಬೀಡಿ ಸೇದುವವರ ಹಾಗೆ! ಇದೆಂತ ನಾಳೆ ವಾಸಿ ಆಗುವ ಕಾಯಿಲೆಯಾ? ಎಷ್ಟು ವರ್ಷ ಅಂತ ಅಡಗಿಸ್ತೀ?"

ಸಾತ್ವಿಕಾಳಿಗೆ ಸಿಟ್ಟು ಬಂತು. ಇನ್ನೊಮ್ಮೆ ಜ್ವರ ಬಂದರೆ ಅಪ್ಪ ಮತ್ತೆ ನೋಡುವ ಎನ್ನುತ್ತಾನೆ. ಆ ಸಲ ತಾನು ಏಳಲಿಕ್ಕಿಲ್ಲ. ಅಷ್ಟು ಅವಳಿಗೆ ಸ್ಪಷ್ಟವಿತ್ತು.

ಪಾಲಿಸಿ ನವೀಕರಿಸಲು ಮಾವ ಬಂದ ಭಾನುವಾರ ಅಮ್ಮ ನೀರುದೋಸೆ ಮಾಡಿದಳು. ಮಾವ ತಿನ್ನುತ್ತಲೇ ಯಾವನೋ ಎಂಜಿನಿಯರನ ಫೋಟೊ ಮೊಬೈಲಿನಲ್ಲಿ ತೋರಿಸುತ್ತಿದ್ದ. ಸಾತ್ವಿಕಾ ಬಂದು ಅವನೆದುರು ಕುಳಿತಳು. ಸಿರಿಂಜಿಗೆ ಇನ್ಸುಲಿನ್ ಎಳೆದು, ಟಾಪ್ ಸ್ವಲ್ಪ ಸರಿಸಿ ಹೊಟ್ಟೆಗೆ ಚುಚ್ಚಿಕೊಂಡಳು.

"ಇದೆಂತ ಮಗಾ?" ಮಾವನ ಕೈಯ ದೋಸೆ ತಟ್ಟೆಗೆ ಬಿತ್ತು.

"ಶುಗರ್, ಮಾವ. ಎಂಟು ವರ್ಷ ಆಯಿತು. ಟೈಫಾಯ್ಡ್ ಅಂದದ್ದೂ ಇದನ್ನೇ. ಈ ಸಲ ನನ್ನ ಹೆಸರೂ ಸೇರಿಸಿ."

"ಅವಳಿಗೆ ಎಲ್ಲ ತಮಾಷೆ, ಕಮಲಾಕ್ಷಣ್ಣ" ಎಂದಳು ಅಮ್ಮ. ಸಿರಿಂಜು ಮೇಜಿನ ಮೇಲೇ ಇತ್ತು.

ಮಾವ ದನಿ ತಗ್ಗಿಸಿದ. "ಒಂದು ಕೆಲಸ ಮಾಡುವ. ಕಾಯಿಲೆ ಏನೂ ಇಲ್ಲ ಅಂತ ಬರೆಯುವ. ನಾನು ನೋಡ್ಲಿಲ್ಲ, ನೀವು ಹೇಳ್ಲಿಲ್ಲ."

"ನಾನು ಅಡ್ಮಿಟ್ ಆದಾಗ ಕಂಪೆನಿಯವರು ಹಳೇ ರಿಪೋರ್ಟ್ ತೆಗೀತಾರೆ. ಆಗ ಬಿಲ್ಲು ನೀವು ಕಟ್ತೀರಾ?"

"ಇದ್ದದ್ದು ಬರೆದ್ರೆ ಸಿಗುವುದು ಕಷ್ಟ. ಮತ್ತೆ, ಗಂಡಿನ ಕಡೆಯವರಿಗೆ ನಾನು ಸುಳ್ಳು ಹೇಳ್ಲಿಕ್ಕಿಲ್ಲ."

"ಕಂಪೆನಿಗೆ ಸುಳ್ಳು ಹೇಳ್ಬಹುದು, ಗಂಡಿನವರಿಗೆ ಆಗುವುದಿಲ್ಲವಾ?"

ಶೋಧನ್ ಕಿಸಕ್ಕನೆ ನಕ್ಕ. ಅಮ್ಮ ಅವನ ತಲೆಗೆ ಮೊಟಕಿದಳು.

"ಎರಡೂ ಬೇಡ ಮಾವ. ಇದ್ದದ್ದೇ ಬರೀರಿ."

ಅಮ್ಮ ಮಗಳೊಡನೆ ಮಾತು ಬಿಟ್ಟಳು. ಮೊದಲ ಕಂಪೆನಿ ಆಗದು ಎಂದಿತು, ಎರಡನೆಯದೂ. ಸಾತ್ವಿಕಾ ಶನಿವಾರ ಕ್ಲಾಸು ಮುಗಿಸಿ ಬಸ್ಸು ಹತ್ತಿ ಬಿ.ಸಿ.ರೋಡಿನ ಮಾವನ ಆಫೀಸಿನಲ್ಲಿ ಹೋಗಿ ಕೂರುವಳು. "ನೀನು ಬಿಡುವ ಜನ ಅಲ್ಲ" ಎಂದು ಗೊಣಗುತ್ತ ಮಾವ ಇನ್ನೊಂದು ಕಂಪೆನಿ ಹುಡುಕಿದ. ಅದು ಒಪ್ಪಿತು. ಕಂತು ಹೆಚ್ಚು; ಸಕ್ಕರೆ ಕಾಯಿಲೆಯ ಖರ್ಚಿಗೆ ಎರಡು ವರ್ಷ ಕಾಯಬೇಕು.

ಅಪ್ಪ ಓದಿ ತಲೆ ಕೆರೆದುಕೊಂಡ. "ಎರಡು ವರ್ಷ ಎಂತ ಮಾಡುವುದು?"

"ಬದುಕುವುದು" ಎಂದಳು ಸಾತ್ವಿಕಾ. "ಟ್ಯೂಷನ್ ಹೇಳ್ತೇನೆ, ಅರ್ಧ ಕಂತು ನನ್ನದು. ಜ್ವರ ಬಂದ್ರೆ ಅದೇ ದಿನ ಆಸ್ಪತ್ರೆ. ಸಾಲ ಆದ್ರೂ ಅಡ್ಡಿಯಿಲ್ಲ."

ಅಪ್ಪ ಹೂಂ ಎಂದ.

ಮಾವ ಹೋದಲ್ಲೆಲ್ಲ ಸುದ್ದಿಯೂ ಹೋಯಿತು. ವಿಮೆಯ ಕಾರ್ಡು ಕೈಗೆ ಬರುವಷ್ಟರಲ್ಲಿ ತಪ್ಪಿಹೋದ ಮದುವೆ ಸಂಬಂಧಗಳು ಮೂರು: ಬೆಳ್ತಂಗಡಿಯವು ಎರಡು, ಮಾಣಿ ಊರಿನದು ಒಂದು.