ಅರ್ಧ ಬೇರು

ರೇವಪ್ಪ ಎರಡನೇ ಏಟಿಗೆ ಎತ್ತಿದ ಗುದ್ದಲಿಯನ್ನು ಭಾಗ್ಯಾ ಓಡಿಬಂದು ಹಿಡಿದಳು. ಹೆಣದ ಕುಣಿ ತೋಡುವಾಗ ಹೆಂಗಸರು ಹತ್ತಿರ ಬರಬಾರದೆಂದು ಹಿರಿಯರು ಗೊಣಗಿದರು.

"ನಿಂದರ್ರಿ ಕಾಕಾ. ಅದು ನಾಗಮಲ್ಲಿಗಿ."

ಹಿಪ್ಪರಗಿಯ ಹೊಲದ ಬದುವಿನಲ್ಲಿ, ತನ್ನನ್ನು ಇಲ್ಲೇ ಮಣ್ಣು ಮಾಡಬೇಕೆಂದು ಅತ್ತೆ ಹೊಳೆವ್ವ ತೋರಿಸಿಟ್ಟಿದ್ದ ಜಾಗ ಅದು. ಮುಳ್ಳುಕಂಟಿಯ ಮರೆಯಲ್ಲಿ ಒಂದೇ ಒಂದು ಗಿಡ. ಮುದುಕಿ ಯಾರಿಗೂ ಹೇಳದೆ ಬೆಳೆಸಿದ್ದಳು. ಭಾಗ್ಯಾಳಿಗಂತೂ ಹೇಳಿರಲಿಲ್ಲ.

ರೇವಪ್ಪ ಸೊಂಟ ಕೆರೆದುಕೊಂಡ. "ಗಿಡಾನ ಉಳಿದಿಲ್ಲ ಅಂದಿದ್ಲಲ್ಲ ಬೇ. ಎರಡ ವರ್ಷ ಆತು, ಈ ಗಜಕರ್ಣ ನನ್ನ ಬಿಡವಲ್ದು."

ಹೊಳೆವ್ವನ ಮಗ ಮುತ್ತಣ್ಣ ಕುಣಿಯನ್ನು ಒಂದು ಮೊಳ ಸರಿಸಲು ಹೇಳಿದ. "ಸಮಾಧಿ ಬಾಜೂಕ ಯಾರೂ ಗುದ್ದಲಿ ಹಾಕಂಗಿಲ್ಲ. ಅವ್ವ ಯಾಕ ಹಟ ಹಿಡಿದಿದ್ಲಂತ ಈಗ ತಿಳೀತು."

ಭಾಗ್ಯಾ ಗಂಡನ ಮುಖ ನೋಡಲಿಲ್ಲ.

\*

ಕಬ್ಬಿನ ಕೆಸರಲ್ಲಿ ದಿನವಿಡೀ ನಿಲ್ಲುವವರ ತುರಿಗೆ ಹೊಳೆವ್ವ ಆ ಬೇರನ್ನು ಲಿಂಬೆರಸದಲ್ಲಿ ಅರೆದು ಹಚ್ಚುತ್ತಿದ್ದಳು. ಒಂದು ಮಗ್ಗುಲು ಅಗೆದು, ಅರ್ಧ ಬೇರು ಕೊಯ್ದು, ಮಣ್ಣು ಮುಚ್ಚಿ ಹಿಮ್ಮಡಿಯಿಂದ ಒತ್ತುವಳು. ಮತ್ತೊಂದು ಮಳೆಗಾಲ ಕಳೆಯುವವರೆಗೆ ಆ ಗಿಡ ಮುಟ್ಟುತ್ತಿರಲಿಲ್ಲ.

ಈ ಬೇರು ಗಜಕರ್ಣ ತರುವ ಬೂಷ್ಟನ್ನೂ ಹೊಟ್ಟೆಹುಳವನ್ನೂ ಕೊಲ್ಲುತ್ತದೆಯೇ ನೋಡಬೇಕೆಂದು ಕಾಲೇಜಿನ ಅಭಿನಂದನ ಸರ್ ಬಂದ ದಿನ ಅತ್ತೆ ಕುರಿಗಳ ಹಿಂದೆ ಹೋಗಿದ್ದಳು. ಭಾಗ್ಯಾ ಚಹಾ ಕೊಟ್ಟು, ಬದು ತೋರಿಸಿದಳು. ಅರ್ಧದ ಮಾತು ಹೇಳಲು ಮರೆತಳು. ಅವರು ಅಲ್ಲಿದ್ದ ಗಿಡಗಳನ್ನೆಲ್ಲ ಬೇರುಸಮೇತ ಕಿತ್ತು ಚೀಲ ತುಂಬಿದರು. ಸಂಜೆ ಮರಳಿದ ಹೊಳೆವ್ವ ಕುಳಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದಳು. ಅಂದಿನಿಂದ ಸೊಸೆಯೊಡನೆ ಬೇರಿನ ಮಾತೆತ್ತಲಿಲ್ಲ.

\*

ಹೆಣ ಇಳಿಸುವ ಹೊತ್ತಿಗೆ ಅಭಿನಂದನ ಹೂಮಾಲೆ ಹಿಡಿದು ಬಂದ. ಜೊತೆಗೆ ಅಚ್ಚಾದ ಲೇಖನ. ಬೂಷ್ಟು ಸತ್ತಿದೆಯೆಂದು ಚಿತ್ರ ತೋರಿಸಿದ. ಗಾಜಿನ ತಟ್ಟೆಯಲ್ಲಿ ಸತ್ತಿತ್ತು. ರೇವಪ್ಪನ ಸೊಂಟದ ಮೇಲೆ ಬದುಕಿತ್ತು.

ಅತ್ತೆಯ ಹೆಸರೆಲ್ಲಿ ಎಂದು ಭಾಗ್ಯಾ ಕೇಳಿದಳು. 'ಸ್ಥಳೀಯ ವೃದ್ಧೆ' ಎಂದು ಬರೆದಿರುವುದಾಗಿ ಹೇಳಿದ.

"ಆಕಿಗೆ ಹೆಸರಿತ್ರಿ. ರೇಶನ್ ಕಾರ್ಡಿನ್ಯಾಗೂ ಐತಿ."

ಅವನ ಕಣ್ಣು ಗಿಡದ ಮೇಲೆ ಬಿತ್ತು. ಹುಳದ ಪರೀಕ್ಷೆ ಬಾಕಿಯಿದೆ, ಈ ಗಿಡ ಸಿಕ್ಕರೆ ಮುಂದಿನ ಲೇಖನದಲ್ಲಿ ಹೊಳೆವ್ವನ ಹೆಸರನ್ನು ಮೊದಲ ಸಾಲಲ್ಲೇ ಹಾಕುವುದಾಗಿ ತಗ್ಗಿದ ದನಿಯಲ್ಲಿ ಅಂದ. ಭಾಗ್ಯಾ ಅವನ ಕೈಯ ಲೇಖನದತ್ತ ನೋಡಿದಳು. ಮೊದಲ ಸಾಲು. ಅಚ್ಚಿನಲ್ಲಿ.

ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಅವಳ ಸರದಿ ಬಂತು.

"ಕಾಕಾ, ಮಳಿಗಾಲ ಮುಗೀಲಿ," ಎಂದಳು ರೇವಪ್ಪನಿಗೆ. "ಅರ್ಧ ಬೇರು ನಿಮಗ."

ಎರಡು ಹಿಡಿ ಅತ್ತೆಯ ಮೇಲೆ ಹಾಕಿದಳು. ಮೂರನೆಯದನ್ನು, ಗುದ್ದಲಿ ತಾಗಿ ಸುಲಿದಿದ್ದ ಬೇರಿನ ಮೇಲೆ ಸುರಿದು ಹಿಮ್ಮಡಿಯಿಂದ ಒತ್ತಿದಳು. ಅಭಿನಂದನನ ಕೈಯಲ್ಲಿ ಬಾಯಿ ತೆರೆದ ಪ್ಲಾಸ್ಟಿಕ್ ಚೀಲ ಗಾಳಿಗೆ ಉಬ್ಬಿ ಪಟಪಟ ಬಡಿಯುತ್ತಿತ್ತು.