ವರ್ನನ್ ವಾಕಿಂಗ್ ಹೋಗಿದ್ದಾನೆ

ಸೋಮವಾರ ಬೆಳಗ್ಗೆ ಒಂಬತ್ತಾಗುವಷ್ಟರಲ್ಲಿ ಹಾರ್ಲನ್ ಸ್ಟಬ್ಸ್ ನದಿ ದಂಡೆಯ ಕ್ಯಾಂಪಿಂಗ್ ಮೈದಾನದ ಹದಿನಾಲ್ಕನೇ ನಂಬರಿನ ಜಾಗದಲ್ಲಿ ತನ್ನ ಡೇರೆ ಹೊಡೆದು, ಮಡಚುವ ಕುರ್ಚಿ ಬಿಡಿಸಿ, ಒಂದು ಲೋಟ ಕಾಫಿಯನ್ನೂ ಕುಡಿದು ಮುಗಿಸಿದ್ದ. ಆಮೇಲೆ ಪಿಕಪ್ ಗಾಡಿಯಿಂದ ಇನ್ನೊಂದು ಡೇರೆ ಇಳಿಸಿಕೊಂಡು ಪಕ್ಕದ ಹದಿನೈದನೇ ನಂಬರಿಗೆ ಹೊರಟ.

"ಈ ವರ್ಷವೂ ಶುರು ಮಾಡಿದ್ಯಾ?" ಅಂದಳು ಹೆಂಡತಿ ಲೊರೀನ್.

"ರಾಯ್ಸ್ ಬರೋದು ಶುಕ್ರವಾರ. ಅಲ್ಲೀವರೆಗೆ ಖಾಲಿ ಬಿಟ್ರೆ ಜಾಗ ಉಳಿಯುತ್ತಾ?" ಅಂದ ಹಾರ್ಲನ್. ರಾಯ್ಸ್ ಅವನ ಹಳೇ ಗೆಳೆಯ.

"ರಾತ್ರಿ ಮಲಗೋರು ಇದ್ರೆ ಮಾತ್ರ ಡೇರೆ ಹಾಕಿ ಅಂತ ಬೋರ್ಡಿದೆ. ಕನ್ನಡಕ ಹಾಕ್ಕೊಂಡು ಓದು."

"ಓದಿದ್ದೀನಿ. ಅದಕ್ಕೇ ಮಲಗೋನನ್ನೂ ತಂದಿದ್ದೀನಿ."

ಹಾರ್ಲನ್ ಸೀಟಿನ ಹಿಂದಿನಿಂದ ಒಂದು ಜೊತೆ ಬೂಟು ತೆಗೆದ. ಎರಡು ವರ್ಷದ ಹಿಂದೆ ಅಂಚೆಯಲ್ಲಿ ತರಿಸಿದ್ದು. ಅಳತೆ ದೊಡ್ಡದಾಗಿ ಒಂದು ದಿನವೂ ಕಾಲಿಗೆ ಏರಿರಲಿಲ್ಲ. ಅವನ್ನು ಡೇರೆಯ ಬಾಗಿಲಲ್ಲಿ ಜೋಡಿಸಿಟ್ಟ. ಹಗ್ಗದ ಮೇಲೆ ಒಂದು ಟವೆಲ್ ಹರವಿದ. ಜಾಗದ ಮುಂದಿನ ಕಂಬಕ್ಕೆ ಸಿಕ್ಕಿಸುವ ಚೀಟಿಯಲ್ಲಿ 'ವರ್ನನ್ ಸ್ಟಬ್ಸ್, ಒಬ್ಬರು, ಭಾನುವಾರದವರೆಗೆ' ಎಂದು ದುಂಡಗೆ ಬರೆದ.

"ಯಾರೀ ವರ್ನನ್?"

"ನಮ್ಮ ದೊಡ್ಡಪ್ಪನ ಮಗ."

"ನಿಂಗೆ ದೊಡ್ಡಪ್ಪನೇ ಇಲ್ವಲ್ಲ."

"ಅದಕ್ಕೇ ಯಾರಿಗೂ ತೊಂದ್ರೆ ಇಲ್ಲ."

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಹಾರ್ಲನ್‌ನ ಮನಸ್ಸು ಬೇಗ ಅರ್ಥವಾಗುತ್ತದೆ. ಈ ಮೈದಾನದಲ್ಲಿ ಮುಂಚಿತವಾಗಿ ಜಾಗ ಕಾದಿರಿಸುವಂತಿಲ್ಲ. ಮೊದಲು ಬಂದವರಿಗೆ ಜಾಗ, ಮಲಗಿದಷ್ಟು ದಿನ ಅವರದು. ಸುತ್ತ ಎತ್ತ ನೋಡಿದರೂ ಕಲ್ಲು, ಕಳ್ಳಿ, ಜಾಲಿ. ನೆರಳು ಅನ್ನುವುದು ನದಿ ಪಕ್ಕದ ಎರಡು ಸಾಲು ಕಾಟನ್‌ವುಡ್ ಮರಗಳ ಕೆಳಗೆ ಮಾತ್ರ. ಹಾಗಾಗಿ ಜನ ಇಲ್ಲಿ ಟವೆಲ್ ಬದಲು ಡೇರೆ ಎಸೆಯುತ್ತಾರೆ. ಹಾರ್ಲನ್ ಒಬ್ಬನೇ ಕಳ್ಳನಲ್ಲ. ಆದರೆ ಕಳ್ಳತನಕ್ಕೆ ಹೆಸರಿಟ್ಟು, ಬೂಟು ತೊಡಿಸಿದವನು ಅವನೊಬ್ಬನೇ.

ಮೈದಾನದ ಉಸ್ತುವಾರಿ ಓಪಲ್‌ಳದು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಹೆಂಗಸು. ಕೊರಳಲ್ಲಿ ಸದಾ ಒಂದು ಸೀಟಿ. ಸೋಮವಾರ ಸಂಜೆ ಸುತ್ತು ಬಂದವಳು ಹದಿನೈದರ ಮುಂದೆ ನಿಂತು, "ವರ್ನನ್, ಎಲ್ಲ ಅನುಕೂಲವಾಗಿದೆಯಾ?" ಎಂದು ಕೂಗಿದಳು. ಉತ್ತರ ಬರಲಿಲ್ಲ.

"ಅವನಿಗೆ ಕಿವಿ ಕೇಳಲ್ಲ," ಅಂದ ಹಾರ್ಲನ್.

ಮಂಗಳವಾರ ಹಗಲಲ್ಲೂ ಡೇರೆಯ ಜಿಪ್ ಮುಚ್ಚಿಯೇ ಇತ್ತು. "ಸಕ್ಕರೆ ಕಾಯಿಲೆ. ಔಷಧಿ ತಗೊಂಡ್ರೆ ನಿದ್ದೆ ಜಾಸ್ತಿ," ಅಂದ. ಓಪಲ್‌ಗೆ ಕರುಳು ಚುರ್ ಅಂದಿತು. ಬುಧವಾರ ತಾನೇ ಮಾಡಿದ, ಸಕ್ಕರೆಯಿಲ್ಲದ ಬಿಸ್ಕತ್ತಿನ ಡಬ್ಬಿ ತಂದು, "ಅವರಿಗೆ ಕೊಡಿ, ಪಾಪ. ಹೊರಗೆ ಬಂದು ಕೂರಬಾರದಾ?" ಎಂದಳು. "ಮಂಡಿ ನೋವು," ಅಂದ ಹಾರ್ಲನ್. ಗುರುವಾರ ಇನ್ನೊಂದು ಡಬ್ಬಿ ಬಂತು. ಲೊರೀನ್ ಗಂಡನನ್ನು ನೋಡಿ ತಲೆ ಚಚ್ಚಿಕೊಂಡಳು, ಆದರೆ ಬಾಯಿ ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಓಪಲ್ ಇಬ್ಬರನ್ನು ಕರೆದುಕೊಂಡು ಬಂದಳು. ಮರಿಸೆಲಾ ಎಂಬ ನಡುವಯಸ್ಸಿನ ಹೆಂಗಸು, ಶಾಲೆಯ ಬಸ್ಸು ಓಡಿಸುವವಳು. ಜೊತೆಗೆ ಅವಳ ಅಪ್ಪ ಚೇಮಾ. ಎಂಬತ್ತು ದಾಟಿದ, ಒಣಗಿದ ಜಾಲಿ ಕೊರಡಿನಂಥ ಮುದುಕ. ನದಿಯಾಚೆ ಹುಟ್ಟಿ, ಈ ದಡದಲ್ಲೇ ಮೇಕೆ ಕಾಯ್ದು ಬೆಳೆದವನು.

"ಬೆಳಗ್ಗೆ ನಾಲ್ಕಕ್ಕೆ ಮನೆ ಬಿಟ್ವಿ," ಅಂದಳು ಮರಿಸೆಲಾ. "ಅಪ್ಪನಿಗೆ ಎರಡು ರಾತ್ರಿ ನದಿ ಸದ್ದು ಕೇಳ್ತಾ ಮಲಗಬೇಕಂತೆ. ಮುಂದಿನ ವಾರ ಕಣ್ಣಿನ ಆಪರೇಷನ್, ಆಮೇಲೆ ಪ್ರಯಾಣ ಆಗಲ್ಲ. ಸೋಮವಾರ ನಾನು ಬಸ್ಸಿಗೆ ಹೋಗ್ಲೇಬೇಕು. ಇಲ್ಲಿ ನೋಡಿದ್ರೆ ಒಂದು ಜಾಗವೂ ಇಲ್ಲ."

"ಒಂದು ಜಾಗದಲ್ಲಿ ಎರಡು ಡೇರೆ ಹಾಕಬಹುದು," ಅಂದಳು ಓಪಲ್. "ವರ್ನನ್ ಒಬ್ರೇ ಅಲ್ವಾ? ಅವರನ್ನೇ ಕೇಳಿಬಿಡೋಣ." ಹಾಗೆಂದು ಸೀದಾ ಹೋಗಿ ಡೇರೆಯ ಜಿಪ್ಪಿಗೆ ಕೈ ಹಾಕಿದಳು.

ಹಾರ್ಲನ್ ಕುರ್ಚಿಯಿಂದ ಚಿಮ್ಮಿ ಎದ್ದ. "ಅವನಿಲ್ಲ! ವಾಕಿಂಗ್ ಹೋಗಿದ್ದಾನೆ!"

"ವಾಕಿಂಗಾ? ಎಲ್ಲಿಗೆ?"

"ಕಣಿವೆ ಕಡೆ."

"ಯಾವಾಗ?"

"ಬೆಳಗ್ಗೆ ಆರಕ್ಕೆ."

"ನೀರು?"

ಹಾರ್ಲನ್‌ಗೆ ಸುಳ್ಳಿನಲ್ಲೂ ಮಿತಿ ಇರಬೇಕೆನ್ನಿಸಿತು. "ಒಂದು ಬಾಟ್ಲಿ."

"ಬೂಟು ಇಲ್ಲೇ ಇದೆಯಲ್ಲಪ್ಪ?" ಅಂದ ಚೇಮಾ, ಬಾಗಿಲ ಬಳಿ ಬಗ್ಗಿ.

"ಚಪ್ಪಲೀಲಿ ಹೋದ."

"ಚಪ್ಪಲೀಲಾ!" ಓಪಲ್ ಎದೆ ಹಿಡಿದುಕೊಂಡಳು. "ಸಕ್ಕರೆ ಕಾಯಿಲೆಯವರು! ಕಿವಿ ಕೇಳಲ್ಲ, ಮಂಡಿ ಹೋಗಿದೆ, ಈ ಬಿಸಿಲಲ್ಲಿ ಏಳೂವರೆ ತಾಸಿನಿಂದ ಒಂದು ಬಾಟ್ಲಿ ನೀರಲ್ಲಿದ್ದಾರೆ! ಇಷ್ಟು ಹೊತ್ತು ನೀವೇನು ಮಾಡ್ತಿದ್ರಿ?"

"ಪದಬಂಧ ತುಂಬ್ತಿದ್ದ," ಅಂದಳು ಲೊರೀನ್. ಆ ದಿನ ಹದಿನಾಲ್ಕನೇ ನಂಬರಿನಿಂದ ಹೊರಟ ಮೊದಲ ಸತ್ಯ ಅದು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಅನ್ನುತ್ತಾರೆ. ಹಾರ್ಲನ್ ಹೇಳಿದ್ದು ನೂರೇನಲ್ಲ, ಏಳೋ ಎಂಟೋ. ಆದರೆ ಅವೆಲ್ಲ ಒಟ್ಟುಗೂಡಿ ಈಗ ಒಬ್ಬ ಸಾಯುವ ಸ್ಥಿತಿಯ ಮನುಷ್ಯ ತಯಾರಾಗಿದ್ದ. ಬಾಯಿ ಬಿಟ್ಟು ನಿಜ ಹೇಳಬೇಕೆಂದು ಹಾರ್ಲನ್ ಉಸಿರೆಳೆದುಕೊಳ್ಳುವಷ್ಟರಲ್ಲಿ ಓಪಲ್ ಸೀಟಿ ಊದಿಬಿಟ್ಟಳು.

ಹತ್ತು ನಿಮಿಷದಲ್ಲಿ ನಲವತ್ತು ಜನ ಸೇರಿದರು. ವೈರ್‌ಲೆಸ್ಸಿನಲ್ಲಿ ರೇಂಜರ್‌ಗೆ ಸುದ್ದಿ ಹೋಯಿತು. ಸಂಜೆ ಐದರೊಳಗೆ ಸಿಗದಿದ್ದರೆ ಹೆಲಿಕಾಪ್ಟರ್ ತರಿಸುತ್ತೇವೆ ಎಂದು ಉತ್ತರ ಬಂತು. ಹೆಲಿಕಾಪ್ಟರ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಹಾರ್ಲನ್ ಕೈಗಡಿಯಾರ ನೋಡಿಕೊಂಡ.

"ನೋಡೋಕೆ ಹೇಗಿದ್ದಾರೆ?" ಎಂದು ಯಾರೋ ಕೇಳಿದರು.

"ಥೇಟ್ ನನ್ನ ಗಂಡನ ಹಾಗೆ," ಅಂದಳು ಲೊರೀನ್. "ಬುದ್ಧೀನೂ ಅಷ್ಟೇ ಇರೋದು."

"ತಲೆ ಮೇಲೆ ನೀಲಿ ಟೋಪಿ," ಎಂದು ಹಾರ್ಲನ್ ಅಭ್ಯಾಸಬಲದಿಂದ ಇನ್ನೊಂದು ಸೇರಿಸಿದ.

ಮರಿಸೆಲಾ ಆಗಲೇ ತನ್ನ ಗಾಡಿಯಿಂದ ನೀರಿನ ಕ್ಯಾನು ಇಳಿಸುತ್ತಿದ್ದಳು. "ನೀವು ಹೊರಡಿ ತಾಯಿ," ಅಂದ ಹಾರ್ಲನ್ ತಡವರಿಸಿ. "ಹೊತ್ತಾದ್ರೆ ಬೇರೆ ಕಡೆನೂ ಜಾಗ ಸಿಗಲ್ಲ."

"ಜಾಗ ಹಾಳಾಗ್ಲಿ. ಮನುಷ್ಯ ಸಿಕ್ಲಿ ಮೊದ್ಲು," ಎಂದು ಅವಳು ಕ್ಯಾನು ಹೆಗಲಿಗೇರಿಸಿ ನಡೆದೇಬಿಟ್ಟಳು. ಯಾವ ಜಾಗವನ್ನು ವರ್ನನ್ ಅವಳಿಂದ ಕಸಿದಿದ್ದನೋ ಅದೇ ವರ್ನನ್‌ಗಾಗಿ ಅವಳು ಬಿಸಿಲಿಗೆ ಬಿದ್ದಳು. ಹಾರ್ಲನ್‌ಗೆ ಅವಳ ಬೆನ್ನು ನೋಡಲಾಗಲಿಲ್ಲ.

ಕಿವಿ ಕೇಳದವನ ಹೆಸರನ್ನು ನಲವತ್ತು ಜನ ಗಂಟಲು ಹರಿಯುವಂತೆ ಕೂಗಿದರು. ಕೂಗಿ ಏನು ಪ್ರಯೋಜನ ಎಂದು ಒಬ್ಬನಿಗೆ ಹೊಳೆದ ಮೇಲೆ ಎಲ್ಲರೂ ಬಾಣಲೆ, ತಟ್ಟೆ ತಂದು ಬಡಿಯತೊಡಗಿದರು. ನದಿಯಾಚೆ ಮೇಯುತ್ತಿದ್ದ ಕತ್ತೆಗಳು ತಲೆಯೆತ್ತಿ ನೋಡಿದವು.

ಇಬ್ಬಿಬ್ಬರ ಜೋಡಿ ಮಾಡಿ ಕಳಿಸುವಾಗ ಚೇಮಾ ತಾನೇ ಬಂದು ಹಾರ್ಲನ್‌ನ ಪಕ್ಕ ನಿಂತಿದ್ದ. ಇಬ್ಬರೂ ನದಿ ಪಕ್ಕದ ಜೊಂಡಿನ ದಾರಿ ಹಿಡಿದರು. ಮುದುಕ ಕಾಲುದಾರಿಯ ಮರಳನ್ನೇ ನೋಡಿಕೊಂಡು ನಿಧಾನ ನಡೆಯುತ್ತಿದ್ದ.

"ಮಗಾ, ನಾನು ಹತ್ತು ವರ್ಷ ಮೇಕೆ ಕಾಯ್ದೋನು," ಅಂದ ಸ್ವಲ್ಪ ಹೊತ್ತಾದ ಮೇಲೆ. "ತಪ್ಪಿಸ್ಕೊಂಡ ಮೇಕೆ ಹುಡುಕೋದು ಕಷ್ಟ ಅಲ್ಲ. ಹೆಜ್ಜೆ ಇರುತ್ತೆ. ಹೆಜ್ಜೆಯೇ ಇಲ್ದಿರೋ ಮೇಕೆ ಎಲ್ಲಿರುತ್ತೆ ಹೇಳು?"

"ಎಲ್ಲಿ?"

"ಕಾಯೋನ ಬಾಯಲ್ಲಿ."

ಹಾರ್ಲನ್ ಜೊಂಡು ಸರಿಸುವ ನೆಪದಲ್ಲಿ ಮುಖ ತಿರುಗಿಸಿದ.

"ಆ ಬೂಟಿನೊಳಗೆ ಕೈ ಹಾಕಿದ್ದೆ. ಜೇಡ ಸಂಸಾರ ಹೂಡಿದೆ. ಅಡಿಯಲ್ಲಿ ಅಂಗಡಿ ಚೀಟಿ ಹಾಗೇ ಅಂಟ್ಕೊಂಡಿದೆ," ಎಂದು ಮುದುಕ ಹವಾಮಾನ ಹೇಳುವ ಹಾಗೆ ಹೇಳಿ ಮುಂದೆ ನಡೆದ. ನಡೆಯುತ್ತಲೇ ಅಂಗೈ ಬಾಯಿಗೆ ಹಿಡಿದು, "ವರ್ನನ್!" ಎಂದು ಕೂಗಿದ.

ಈ ಮುದುಕ ತಮಾಷೆ ಮಾಡುತ್ತಿದ್ದಾನೋ, ಕೊಲ್ಲುತ್ತಿದ್ದಾನೋ ಹಾರ್ಲನ್‌ಗೆ ತಿಳಿಯಲಿಲ್ಲ.

ನದಿ ತಿರುಗುವಲ್ಲಿ ಜೊಂಡಿನ ನಡುವೆ ಏನೋ ನೀಲಿ ಕಾಣಿಸಿತು. ಹಾರ್ಲನ್ ಅದನ್ನು ಗಮನಿಸುವ ಮೊದಲೇ ಚೇಮಾ ದಡ ಬಿಟ್ಟು ಕೆಸರಿಗೆ ಇಳಿದಿದ್ದ. ಒಂದು ಹೆಜ್ಜೆಗೆ ಪಾದ ಹೂತಿತು, ಎರಡನೆಯದಕ್ಕೆ ಮಂಡಿ.

"ಅಜ್ಜಾ, ಬೇಡ! ನಿಲ್ಲಿ!"

ಮೂರನೆಯದಕ್ಕೆ ಮುದುಕ ಸೊಂಟದವರೆಗೆ ಇಳಿದ. ಹಾರ್ಲನ್ ಹೊಟ್ಟೆ ಮೇಲೆ ಮಲಗಿ ಅವನ ಎರಡೂ ಕೈ ಹಿಡಿದು ಎಳೆದ. ತನಗೂ ಅರವತ್ತೆಂಟಾಗಿದೆ ಎಂಬುದನ್ನು ಅವನ ಬೆನ್ನು ಅವನಿಗೆ ಸ್ಪಷ್ಟವಾಗಿ ತಿಳಿಸಿತು. ಐದು ನಿಮಿಷ ಒದ್ದಾಡಿದ ಮೇಲೆ ಚೇಮಾ ದಡಕ್ಕೆ ಬಂದು ಬಿದ್ದ. ಎಡಗಾಲಿನ ಶೂ ಕೆಸರಿನ ಪಾಲಾಗಿತ್ತು. ಕೈಯಲ್ಲಿ ಮಾತ್ರ ಆ ನೀಲಿ ವಸ್ತು ಇತ್ತು: ಹರಿದ ಪ್ಲಾಸ್ಟಿಕ್ ಚೀಲ.

ಇಬ್ಬರೂ ಏದುಸಿರು ಬಿಡುತ್ತ ಕೂತರು. ಹಾರ್ಲನ್‌ಗೆ ಕೋಪವೂ ಅಳುವೂ ಒಟ್ಟಿಗೇ ಬಂದವು. "ನಿಮಗೆ ಎಲ್ಲ ಗೊತ್ತಿತ್ತಲ್ಲ! ಅಂಥವನೊಬ್ಬ ಇಲ್ಲ ಅಂತ ಗೊತ್ತಿದ್ದೂ ಯಾಕೆ ಇಳಿದ್ರಿ?"

"ನೂರಕ್ಕೆ ತೊಂಬತ್ತೊಂಬತ್ತು ಗೊತ್ತಿತ್ತು ಮಗಾ," ಅಂದ ಚೇಮಾ ಮುಖದ ಕೆಸರು ಒರೆಸಿಕೊಂಡು. "ಆ ಒಂದು ಉಳೀತಲ್ಲ. ಮನುಷ್ಯನ ಜೀವ ಅಲ್ವಾ?"

ಹಾರ್ಲನ್ ಎದ್ದ. ಮುದುಕನಿಗೆ ಹೆಗಲು ಕೊಟ್ಟು ಮೈದಾನದವರೆಗೂ ನಡೆಸಿಕೊಂಡು ಬಂದ. ಓಪಲ್ ನಕ್ಷೆ ಹರಡಿಕೊಂಡು ನಿಂತಿದ್ದಳು, ಗಂಟೆ ನಾಲ್ಕೂಮುಕ್ಕಾಲು. ಬಾಣಲೆ ಹಿಡಿದವರೆಲ್ಲ ಬಿಸಿಲಿಗೆ ಕೆಂಪಾಗಿ ವಾಪಸಾಗುತ್ತಿದ್ದರು.

"ಓಪಲ್, ಹೆಲಿಕಾಪ್ಟರ್ ಬೇಡ. ವರ್ನನ್ ಸಿಗಲ್ಲ."

"ಹಾಗನ್ನಬೇಡಿ. ಧೈರ್ಯ ತಗೊಳ್ಳಿ," ಎಂದು ಅವಳು ಅವನ ಭುಜ ಹಿಡಿದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಅವನು ಹುಟ್ಟೇ ಇಲ್ಲ. ರಾಯ್ಸ್‌ಗೆ ಜಾಗ ಹಿಡಿಯೋಕೆ ನಾನೇ ಮಾಡಿದ ಮನುಷ್ಯ. ಡೇರೆ ಖಾಲಿ."

ಓಪಲ್ ಕೈ ತೆಗೆದಳು. "ಸಕ್ಕರೆ ಕಾಯಿಲೆ?"

"ಇಲ್ಲ."

"ಮಂಡಿ ನೋವು?"

"ಈಗ ನನಗಿದೆ."

"ನಾನು ಕೊಟ್ಟ ಎರಡು ಡಬ್ಬಿ ಬಿಸ್ಕತ್ತು?"

ಹಾರ್ಲನ್ ತಲೆ ತಗ್ಗಿಸಿದ. "ಚೆನ್ನಾಗಿತ್ತು."

ನಲವತ್ತು ಜನರಲ್ಲಿ ಒಬ್ಬರೂ ನಗಲಿಲ್ಲ. ಬೈದಿದ್ದರೂ ಅವನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮರಿಸೆಲಾ ಖಾಲಿ ಕ್ಯಾನು ಕೆಳಗಿಟ್ಟು ಅವನನ್ನೊಮ್ಮೆ, ಕೆಸರಿನ ಮುದ್ದೆಯಾಗಿದ್ದ ಅಪ್ಪನನ್ನೊಮ್ಮೆ ನೋಡಿದಳು. "ಹೋಗೋಣ ಬಾ ಅಪ್ಪಾ," ಅಂದಳು ಅಷ್ಟೇ.

"ಹೋಗಬೇಡಿ," ಅಂದ ಹಾರ್ಲನ್. ಹದಿನೈದರ ಕಂಬದ ಹತ್ತಿರ ಹೋಗಿ ಚೀಟಿಯಲ್ಲಿದ್ದ ಹೆಸರು ಹೊಡೆದುಹಾಕಿ, ಪೆನ್ಸಿಲನ್ನು ಚೇಮಾನ ಕೈಗಿಟ್ಟ. ಆಮೇಲೆ ಬೂಟು ಎತ್ತಿಕೊಂಡು ಕೊಡವಿದ. ಜೇಡ ಇಳಿದು ಓಡಿತು. ತನ್ನ ಪದಬಂಧದ ಹಾಳೆಗಳನ್ನು ಮುದ್ದೆ ಮಾಡಿ ಬೂಟಿನ ಮೂತಿಗೆ ತುರುಕಿ, ಮಂಡಿಯೂರಿ ಕೂತು ಮುದುಕನ ಕಾಲಿಗೆ ತಾನೇ ಹಾಕಿ ನೋಡಿದ.

"ಸ್ವಲ್ಪ ದೊಡ್ಡದು," ಅಂದ ಚೇಮಾ.

"ವರ್ನನ್ ದೊಡ್ಡ ಆಳು ಅಜ್ಜಾ," ಅಂದ ಹಾರ್ಲನ್. ಆಗ ಮರಿಸೆಲಾಗೆ ನಗು ತಡೆಯಲಾಗಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಎಲ್ಲ ಕಡೆ ಇರುತ್ತಾರೆ. ಆ ಸಂಜೆ ಮೈದಾನದಲ್ಲಿ ಇನ್ನೂ ಮೂರು ಡೇರೆಗಳು ಸದ್ದಿಲ್ಲದೆ ಮಡಚಿಕೊಂಡವು. ಒಬ್ಬಾತನ ಅತ್ತಿಗೆ, ಇನ್ನೊಬ್ಬಾತನ ಸೋದರಮಾವ ಬರುವುದಿಲ್ಲವೆಂದು ಇದ್ದಕ್ಕಿದ್ದಂತೆ ಗೊತ್ತಾಯಿತಂತೆ. ಆರು ಗಂಟೆಗೆ ಬಂದ ರಾಯ್ಸ್, "ನನ್ನ ಜಾಗ ಎಲ್ಲೋ?" ಎಂದು ಗದರಿದ. "ಇರಲೇ ಇಲ್ಲ ಕಣೋ," ಅಂದ ಹಾರ್ಲನ್. ಖಾಲಿಯಾದವುಗಳಲ್ಲಿ ರಾಯ್ಸ್‌ಗೆ ದಕ್ಕಿದ್ದು ಪಾಯಿಖಾನೆ ಪಕ್ಕದ್ದು. ಗೊಣಗಿಕೊಂಡೇ ಡೇರೆ ಹೊಡೆದ.

ಶನಿವಾರ ಬೆಳಗ್ಗೆ ಓಪಲ್ ಸುತ್ತು ಬಂದಾಗ ಹಾರ್ಲನ್ ಕಾಫಿ ಕಾಯಿಸುತ್ತಿದ್ದ. ಅವಳು ಹದಿನೈದರ ಮುಂದೆ ನಿಂತಳು. ಬಾಗಿಲಲ್ಲಿ ಬೂಟು ಇರಲಿಲ್ಲ. ಒಳಗೂ ಯಾರೂ ಇದ್ದಂತಿರಲಿಲ್ಲ. ಅವಳ ಕೈ ತಾನಾಗಿಯೇ ಸೀಟಿಗೆ ಹೋಯಿತು.

"ಎಲ್ಲಿ ಅವರು?" ಎಂದಳು, ಹುಬ್ಬು ಗಂಟಿಕ್ಕಿ.

"ವಾಕಿಂಗ್ ಹೋಗಿದ್ದಾರೆ."

ಓಪಲ್ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಹಾರ್ಲನ್ ಚಮಚದಿಂದ ನೆಲ ತೋರಿಸಿದ. ಡೇರೆಯ ಬಾಗಿಲಿನಿಂದ ನದಿಯವರೆಗೆ ಮರಳಿನ ಮೇಲೆ ಹೊಸ ಬೂಟಿನ ದೊಡ್ಡ ದೊಡ್ಡ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ಪಕ್ಕದಲ್ಲೇ ಮಗಳ ಸಣ್ಣ ಹೆಜ್ಜೆ. ನೀರಿನಂಚಿನಲ್ಲಿ ಇಬ್ಬರೂ ಕೂತಿದ್ದು ಅಲ್ಲಿಂದಲೇ ಕಾಣುತ್ತಿತ್ತು.

ಓಪಲ್ ಸೀಟಿಯಿಂದ ಕೈ ತೆಗೆದಳು. ಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಹದಿನೈದರ ಮೇಜಿನ ಮೇಲಿಟ್ಟಳು.

"ಇದು ಅವರಿಗೆ," ಅಂದಳು. "ನಾನು ಎಣಿಸಿಟ್ಟಿದ್ದೀನಿ."